ರೂಮು ಎಣಿಸುವ ಲೆಕ್ಕ ಬಿಡಿ: ಹೋಟೆಲ್, ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋಟೆಲಿನ ಜನರಲ್ ಮ್ಯಾನೇಜರ್, ಆಸ್ಪತ್ರೆಯ ಆಡಳಿತಾಧಿಕಾರಿ, ಹೌಸ್‌ಕೀಪಿಂಗ್ ಗುತ್ತಿಗೆ ಹಿಡಿಯುವ ಏಜೆನ್ಸಿಯವರು, ಮೂವರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ಕೆಲಸಕ್ಕೆ ಬಂದಿದ್ದು ರೂಮ್ ಅಟೆಂಡೆಂಟ್ ಆಗಿ. ಈಗ ಸೂಪರ್‌ವೈಸರ್. ಹೋಟೆಲಿನಲ್ಲೂ ದುಡಿದಿದ್ದೇನೆ, ಆಸ್ಪತ್ರೆಯಲ್ಲೂ ದುಡಿದಿದ್ದೇನೆ. ಎರಡೂ ಕಡೆ ಬೆಳಿಗ್ಗೆ ಕೈಗೆ ಬರುವ ಚೀಟಿ ಒಂದೇ ಥರ. ಇಷ್ಟು ರೂಮು, ಇಷ್ಟು ಜನ. ರೂಮನ್ನು ಜನರಿಂದ ಭಾಗಿಸಿದರೆ ಆಯಿತು, ಅದೇ ಒಬ್ಬರ ಆ ದಿನದ ಕೆಲಸ.

ಆ ಭಾಗಾಕಾರ ತಪ್ಪು ಅಂತ ಹೇಳುವುದಕ್ಕೇ ಈ ಪತ್ರ. ಸಂಬಳದ ಮಾತೂ ಇದೆ, ಅದನ್ನು ಬೇರೆ ದಿನ ಆಡೋಣ. ಎರಡನ್ನೂ ಒಟ್ಟಿಗೆ ಎತ್ತಿದರೆ ನೀವು ಸಂಬಳದ ಮಾತಿಗೆ ಉತ್ತರ ಕೊಟ್ಟು ಲೆಕ್ಕದ ಮಾತನ್ನು ಮರೆತುಬಿಡುತ್ತೀರಿ. ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಂದು ರೂಮು ಅಂದರೆ ಏನು ಅಂತ ನೋಡಿ. ಬಾಗಿಲು ತಟ್ಟಿ, 'ಹೌಸ್‌ಕೀಪಿಂಗ್' ಅಂತ ಕೂಗಿ, ಕಾದು, ಮತ್ತೆ ತಟ್ಟಿ, ಆಮೇಲೆ ಒಳಗೆ. ಪರದೆ ಸರಿಸಿ ಎಲ್ಲ ಲೈಟೂ ಹಾಕುತ್ತೇವೆ. ಯಾವ ಬಲ್ಬ್ ಹೋಗಿದೆ ಅಂತ ಆಗಲೇ ಗೊತ್ತಾಗುವುದು. ನೇರ ಬಾತ್‌ರೂಮಿಗೆ ಹೋಗಿ ಕಮೋಡಿಗೆ, ಸಿಂಕಿಗೆ ಕೆಮಿಕಲ್ ಹಾಕಿ ಹೊರಗೆ ಬರುತ್ತೇವೆ. ಆಗಲೇ ಉಜ್ಜುವುದಿಲ್ಲ. ಅದು ನೆನೆಯಬೇಕು. ನೆನೆಯುವಷ್ಟರಲ್ಲಿ ಹಾಸಿಗೆ ಬಿಚ್ಚುವ ಕೆಲಸ. ಬೆಡ್‌ಶೀಟುಗಳನ್ನು ಒಂದೊಂದಾಗಿ ಎತ್ತಬೇಕು. ಎಲ್ಲವನ್ನೂ ಬಾಚಿ ಎದೆಗೆ ಅವುಚಿಕೊಳ್ಳುವಂತಿಲ್ಲ. ಒಳಗೆ ಏನು ಬೇಕಾದರೂ ಇರಬಹುದು. ಬ್ಲೇಡ್, ಇನ್ಸುಲಿನ್ ಸೂಜಿ, ಕನ್ನಡಕ, ಕಿವಿಯೋಲೆ, ಮಗುವಿನ ಗೊಂಬೆ. ಸೂಜಿ ಚುಚ್ಚಿದರೆ ನಮಗೆ ಪಾಡು, ಓಲೆ ಲಾಂಡ್ರಿಗೆ ಹೋದರೆ ನಮ್ಮ ಮೇಲೆ ಅನುಮಾನ.

ಆಮೇಲೆ ಹಾಸಿಗೆ ಹಾಸುವುದು. ಮೂಲೆ ಎತ್ತಿ, ಶೀಟನ್ನು ಓರೆಯಾಗಿ ಮಡಚಿ, ಕೆಳಗೆ ಸಿಕ್ಕಿಸಬೇಕು. ಹೀಗೆ ನಾಲ್ಕು ಮೂಲೆ. ದೊಡ್ಡ ಹಾಸಿಗೆಯನ್ನು ಒಬ್ಬರೇ ಎತ್ತುವಾಗ ಬೆನ್ನು ಬಾಗಿರುತ್ತದೆ, ಮಣಿಕಟ್ಟು ತಿರುಚಿರುತ್ತದೆ, ಭಾರವೆಲ್ಲ ಒಂದು ಕೈ ಮೇಲೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ದಿನವಿಡೀ, ವರ್ಷಗಟ್ಟಲೆ ಇದನ್ನೇ ಮಾಡಿದವರ ಭುಜ ಮುಟ್ಟಿ ನೋಡಿ. ನಮ್ಮ ಲಾಕರ್ ರೂಮಿನಲ್ಲಿ ನೋವಿನ ಮುಲಾಮಿನ ವಾಸನೆ ಇಲ್ಲದ ದಿನವೇ ಇಲ್ಲ.

ಧೂಳು ಒರೆಸುವುದಕ್ಕೂ ಕ್ರಮ ಇದೆ. ಬಾಗಿಲಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ಸುತ್ತಬೇಕು, ಯಾವುದೂ ಬಿಟ್ಟುಹೋಗದ ಹಾಗೆ. ಮೇಲಿನಿಂದ ಕೆಳಗೆ ಬರಬೇಕು, ಧೂಳು ಕೆಳಕ್ಕೇ ಬೀಳುವುದಲ್ವಾ? ಸ್ವಿಚ್ಚು, ರಿಮೋಟ್, ಫೋನು, ಬಾಗಿಲ ಹಿಡಿ, ಎಲ್ಲರೂ ಮುಟ್ಟುವ ಜಾಗ ಇವೇ. ವ್ಯಾಕ್ಯೂಮ್ ಕೊನೆಗೆ, ಹಿಂದೆ ಹಿಂದೆ ನಡೆಯುತ್ತ ಬಾಗಿಲ ಕಡೆಗೆ. ಇಲ್ಲದಿದ್ದರೆ ನಮ್ಮ ಹೆಜ್ಜೆ ಗುರುತೇ ಕಾರ್ಪೆಟ್ಟಿನ ಮೇಲೆ ಉಳಿಯುತ್ತದೆ.

ಇನ್ನು ಕೂದಲು. ಇಡೀ ಬಾತ್‌ರೂಮ್ ಥಳಥಳ ಅಂದರೂ ಬಿಳಿ ಟೈಲ್ ಮೇಲೆ ಒಂದೇ ಒಂದು ಕೂದಲು ಕಂಡರೆ ಕಂಪ್ಲೇಂಟ್ ಗ್ಯಾರಂಟಿ. ಒದ್ದೆ ನೆಲದಲ್ಲಿ ಕೂದಲು ಅಂಟಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಒಣಗಿದ ಮೇಲೆ ಎದ್ದು ಕಾಣುತ್ತದೆ. ಅದಕ್ಕೇ ತೊಳೆದಾದ ಮೇಲೆ ಒಣಬಟ್ಟೆ ಹಿಡಿದು, ಮಂಡಿಯೂರಿ, ಇನ್ನೊಂದು ಸುತ್ತು. ಈ ಸುತ್ತು ನಿಮ್ಮ ಯಾವ ಚೀಟಿಯಲ್ಲೂ ಇಲ್ಲ. ಇದನ್ನು ಬಿಟ್ಟರೆ ಮಾತ್ರ ಅದು ಇತ್ತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇದು ಸಾಧಾರಣ ರೂಮಿನ ಕತೆ. ಈಗ ಚೀಟಿಗೆ ಬನ್ನಿ. ಅತಿಥಿ ಇನ್ನೂ ಉಳಿದಿರುವ ರೂಮು, ಖಾಲಿ ಮಾಡಿ ಹೋದ ಚೆಕ್‌ಔಟ್ ರೂಮು, ಚೀಟಿಯಲ್ಲಿ ಎರಡೂ 'ಒಂದು'. ಚೆಕ್‌ಔಟ್ ರೂಮಿನಲ್ಲಿ ಪ್ರತಿ ಡ್ರಾಯರ್ ತೆಗೆಯಬೇಕು. ಮಂಚದ ಕೆಳಗೆ, ಫ್ರಿಜ್, ಸೇಫ್, ಬೀರು, ಎಲ್ಲ ನೋಡಬೇಕು. ಲಿನೆನ್, ಅಂದರೆ ಶೀಟು, ದಿಂಬಿನ ಕವರು, ಟವೆಲ್, ಪೂರ್ತಿ ಬದಲಿಸಬೇಕು. ಮೂರು ಮಕ್ಕಳ ಸಂಸಾರ, ಎರಡು ಎಕ್ಸ್‌ಟ್ರಾ ಬೆಡ್, ಹಿಂದಿನ ರಾತ್ರಿ ಬರ್ತ್‌ಡೇ ಕೇಕು. ಅದೂ ಒಂದು. ಒಬ್ಬರೇ ಬಂದು, ಒಂದು ಟವೆಲ್ ಬಳಸಿ, ಬೆಳಿಗ್ಗೆ ಹೊರಟುಹೋದ ರೂಮು. ಅದೂ ಒಂದು.

ಇತ್ತೀಚೆಗೆ ಇನ್ನೊಂದು ಶುರುವಾಗಿದೆ. 'ಪರಿಸರ ಉಳಿಸಿ, ದಿನಾ ರೂಮ್ ಕ್ಲೀನಿಂಗ್ ಬೇಡ ಎನ್ನಿ' ಅಂತ ಬಾಗಿಲಿಗೆ ಕಾರ್ಡು. ನೀರು, ಸೋಪು ಉಳಿಯುತ್ತದೆ, ನಿಜ. ಆದರೆ ಕೆಲಸ ಎಲ್ಲಿ ಉಳಿಯಿತು? ನಾಲ್ಕು ದಿನ ಯಾರೂ ಒಳಗೆ ಹೋಗದ ರೂಮಿನ ಬಾತ್‌ರೂಮಿನಲ್ಲಿ ಸೋಪಿನ ಕರೆ ಗಟ್ಟಿಯಾಗಿರುತ್ತದೆ, ಕಸ ತುಂಬಿ ಹೊರಗೆ ಚೆಲ್ಲಿರುತ್ತದೆ. ಐದನೇ ದಿನ ಅದು ಚೆಕ್‌ಔಟ್ ಆದಾಗ ನಾಲ್ಕು ದಿನದ ಕೆಲಸ ಒಟ್ಟಿಗೆ ಕಾಯುತ್ತಿರುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕು ರೂಮು ಉಳಿತಾಯ. ಅದಕ್ಕೆ ತಕ್ಕಂತೆ ಜನರನ್ನೂ ಕಡಿಮೆ ಮಾಡಿರುತ್ತೀರಿ.

ಲೆಕ್ಕ ಬೇರೆ ಥರ ಹಾಕಬಹುದು ಅನ್ನುವುದಕ್ಕೆ ಉದಾಹರಣೆ ಇದೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 2022ರಲ್ಲಿ ಒಂದು ಕಾನೂನು ಬಂತು. 60 ಅಥವಾ ಹೆಚ್ಚು ರೂಮಿರುವ ಹೋಟೆಲಿನಲ್ಲಿ ಎಂಟು ಗಂಟೆಯ ಪಾಳಿಗೆ ಒಬ್ಬರು ಸ್ವಚ್ಛ ಮಾಡಬೇಕಾದ ಜಾಗಕ್ಕೆ 3,500 ಚದರ ಅಡಿಯ ಮಿತಿ. ಚೆಕ್‌ಔಟ್ ರೂಮು, ಎಕ್ಸ್‌ಟ್ರಾ ಬೆಡ್ ಹಾಕಿದ ರೂಮು ಜಾಸ್ತಿ ಇದ್ದರೆ ಆ ಮಿತಿ ಇನ್ನೂ ಇಳಿಯುತ್ತದೆ. ಮಿತಿ ದಾಟಿ ಕೆಲಸ ಮಾಡಿಸಿದರೆ ಇಡೀ ದಿನಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು. ಎಲ್ಲರೂ ಇದನ್ನೇ ತರಬೇಕು ಅಂತ ನಾನು ಹೇಳುತ್ತಿಲ್ಲ. ಚದರ ಅಡಿಯ ಲೆಕ್ಕದಲ್ಲೂ ಬರ್ತ್‌ಡೇ ಕೇಕು ಬರುವುದಿಲ್ಲ. ಆದರೂ ರೂಮೆಲ್ಲ ಒಂದೇ ಅಲ್ಲ ಅಂತ ಕಾನೂನು ಬರೆಯುವವರಿಗೂ ಗೊತ್ತಾಗಿದೆ, ಅಷ್ಟು ಸಾಕು. ಕೆಲವು ಹೋಟೆಲುಗಳಲ್ಲಿ ಪಾಯಿಂಟ್ ಪದ್ಧತಿ ಇದೆ. ಉಳಿದಿರುವ ರೂಮಿಗೆ ಒಂದು ಪಾಯಿಂಟ್, ಚೆಕ್‌ಔಟಿಗೆ ಅದಕ್ಕಿಂತ ಜಾಸ್ತಿ, ಸೂಟ್ ಅನ್ನುವ ದೊಡ್ಡ ರೂಮಿಗೆ ಇನ್ನೂ ಜಾಸ್ತಿ. ನನ್ನ ಕಣ್ಣಿಗೆ ಅದೇ ವಾಸಿ.

ಆಸ್ಪತ್ರೆಯಲ್ಲಂತೂ ಈ ಭಾಗಾಕಾರ ಬರೀ ನಮಗೆ ಮಾಡುವ ಅನ್ಯಾಯವಾಗಿ ನಿಲ್ಲುವುದಿಲ್ಲ. ರೋಗಿಗೂ ಮುಟ್ಟುತ್ತದೆ. ಸೋಂಕುನಾಶಕದ ಡಬ್ಬಿ ಮೇಲಿನ ಲೇಬಲ್ ಓದಿ. ಇಷ್ಟು ನಿಮಿಷ ಜಾಗ ಒದ್ದೆಯಾಗಿರಬೇಕು ಅಂತ ಬರೆದಿರುತ್ತಾರೆ. ಕೆಲವಕ್ಕೆ ಒಂದು ನಿಮಿಷ, ಕೆಲವಕ್ಕೆ ಹತ್ತು. ಅಷ್ಟು ಹೊತ್ತು ಒದ್ದೆಯಾಗಿದ್ದರೆ ಮಾತ್ರ ಅದು ಹೇಳಿದ ಕೆಲಸ ಮಾಡುತ್ತದೆ. ಒಂದು ಕೈಯಲ್ಲಿ ಸ್ಪ್ರೇ ಹೊಡೆದು ಇನ್ನೊಂದು ಕೈಯಲ್ಲಿ ಒರೆಸಿಬಿಟ್ಟರೆ ಮಂಚದ ಕಂಬಿ ಹೊಳೆಯುತ್ತದೆ, ಪರಿಮಳವೂ ಬರುತ್ತದೆ, ಕ್ರಿಮಿ ಮಾತ್ರ ಅಲ್ಲೇ ಇರುತ್ತದೆ. ಆ ನಿಮಿಷಗಳನ್ನು ಕಡಿಮೆ ಮಾಡುವುದು ನಮ್ಮ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ಆದರೆ ಕೆಳಗಿನಿಂದ ಫೋನು ಬರುತ್ತಲೇ ಇರುತ್ತದೆ. 'ಬೆಡ್ ರೆಡಿ ಆಯ್ತಾ? ಪೇಷಂಟ್ ಕಾಯ್ತಿದ್ದಾರೆ.' ಆ ಫೋನಿಗೆ ಹೆದರಿ ಒಬ್ಬ ಹುಡುಗ ಬೇಗ ಒರೆಸಿದರೆ, ತಪ್ಪು ಅವನದು ಅಂತ ನಾನು ಬರೆದುಕೊಡುವುದಿಲ್ಲ.

ಕ್ಲೋಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ (ಹಳೆಯ ಹೆಸರು ಕ್ಲೋಸ್ಟ್ರಿಡಿಯಂ ಡಿಫಿಸಿಲ್) ಅಂತ ಒಂದು ಬ್ಯಾಕ್ಟೀರಿಯಾ ಇದೆ. ಭೇದಿ ತರುತ್ತದೆ. ಅದರ ಬೀಜಕಣಗಳು ಆಲ್ಕೊಹಾಲ್ ಹ್ಯಾಂಡ್‌ರಬ್‌ಗೆ ಸಾಯುವುದಿಲ್ಲ. ಕೈಯನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಜಾಗಕ್ಕೆ ಕ್ಲೋರಿನ್ ಥರದ್ದು ಬೇಕು. ಇಂಥ ರೋಗಿ ಇದ್ದ ರೂಮಿಗೆ ಹೋಗುವ ಹುಡುಗನಿಗೆ ಇದು ಗೊತ್ತಿರಬೇಕು. ಯಾವ ರೂಮು ಅಂಥದ್ದು ಅಂತ ಯಾರಾದರೂ ಅವನಿಗೆ ಹೇಳಿರಲೂಬೇಕು. ಎಷ್ಟೋ ಕಡೆ ನರ್ಸ್‌ಗೆ ಗೊತ್ತಿರುತ್ತದೆ, ಡಾಕ್ಟರ್‌ಗೆ ಗೊತ್ತಿರುತ್ತದೆ, ಮಾಪ್ ಹಿಡಿದವನಿಗೆ ಮಾತ್ರ ಗೊತ್ತಿರುವುದಿಲ್ಲ. ರೂಮಿನ ಮೂಲೆ ಮೂಲೆ ಮುಟ್ಟುವವನು ಅವನೇ.

ಅವಸರಕ್ಕೆ ಇನ್ನೊಂದು ಮುಖವಿದೆ. ಕಲೆ ಬೇಗ ಹೋಗಲಿ ಅಂತ ಎರಡು ಕೆಮಿಕಲ್ ಬೆರೆಸುವುದು. ಬ್ಲೀಚಿಗೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚಿಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಅನ್ನುವ ಇನ್ನೊಂದು ವಿಷಾನಿಲ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸ ಮಾಡುವವರಿಗೆ ಇದು ಜೀವದ ಪ್ರಶ್ನೆ. ಟ್ರೇನಿಂಗಿನಲ್ಲಿ ಹೇಳಿದ್ದೇವೆ ಅನ್ನುತ್ತೀರಿ. ಹೇಳಿರುತ್ತೀರಿ. ಆದರೆ ದೊಡ್ಡ ಕ್ಯಾನಿನಿಂದ ಹಳೆ ನೀರಿನ ಬಾಟಲಿಗೆ ಸುರಿದು, ಲೇಬಲ್ ಇಲ್ಲದೆ ಟ್ರಾಲಿ ಮೇಲೆ ಇಟ್ಟರೆ, ಯಾವುದು ಯಾವುದು ಅಂತ ಹೊಸ ಹುಡುಗಿ ಮೂಸಿ ನೋಡಬೇಕಾ? ಲೇಬಲ್ ಅಂಟಿಸಲು ಎಷ್ಟು ಖರ್ಚಾಗುತ್ತದೆ ಹೇಳಿ.

ಬಟ್ಟೆಯ ಬಣ್ಣದ್ದೂ ಇದೇ ಕತೆ. ಟಾಯ್ಲೆಟ್ಟಿಗೆ ಕೆಂಪು ಬಟ್ಟೆ, ಉಳಿದ ಜಾಗಕ್ಕೆ ಬೇರೆ ಬಣ್ಣ, ಅಂತ ಬಹಳ ಕಡೆ ನಿಯಮ ಮಾಡಿರುತ್ತಾರೆ. ಒಳ್ಳೆಯ ನಿಯಮ. ಪಾಳಿಯ ಅರ್ಧಕ್ಕೆ ಬೇರೆ ಬಣ್ಣದ ಬಟ್ಟೆ ಮುಗಿದು, ಸ್ಟೋರಿನಲ್ಲಿ ಕೆಂಪು ಮಾತ್ರ ಉಳಿದಾಗ ಏನು ಮಾಡಬೇಕು ಅಂತ ನಿಯಮದಲ್ಲಿ ಬರೆದಿರುವುದಿಲ್ಲ.

ಲಿನೆನ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಸಮಯ ನುಂಗುವುದು ಇದೇ. ಒಂದು ಹಾಸಿಗೆಗೆ ಕನಿಷ್ಠ ಮೂರು ಸೆಟ್ ಶೀಟು ಇರಬೇಕು. ಒಂದು ಹಾಸಿಗೆ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ. ಇದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಖರ್ಚು ಉಳಿಸಲು ಅದನ್ನು ಎರಡಕ್ಕೆ ಇಳಿಸುತ್ತೀರಿ. ಆಗ ಏನಾಗುತ್ತದೆ? ರೂಮು ಒರೆಸಿ ಆಗಿರುತ್ತದೆ, ಹಾಸಿಗೆ ಬೋಳು ಬೋಳಾಗಿ ಕಾಯುತ್ತಿರುತ್ತದೆ, ಅಟೆಂಡೆಂಟ್ ಲಾಂಡ್ರಿ ಬಾಗಿಲಲ್ಲಿ ನಿಂತಿರುತ್ತಾಳೆ. ಬಿಸಿ ಬಿಸಿ ಶೀಟು ಬಂದ ತಕ್ಷಣ ನಾಲ್ಕು ಫ್ಲೋರಿನವರು ಒಟ್ಟಿಗೆ ಕೈ ಹಾಕುತ್ತಾರೆ. ಹಳಬರು ಎರಡು ಸೆಟ್ ಟ್ರಾಲಿಯ ಕೆಳಗಡೆ ಬಚ್ಚಿಟ್ಟುಕೊಂಡಿರುತ್ತಾರೆ. ಹೌದು, ಬಚ್ಚಿಡುತ್ತಾರೆ. ನನಗೂ ಗೊತ್ತು, ನಿಮಗೂ ಗೊತ್ತು. ಹೊಸಬರಿಗೆ ಸಿಗುವುದಿಲ್ಲ, ಅವರು ಲೇಟು. ಸಂಜೆ ರಿಪೋರ್ಟಿನಲ್ಲಿ ಬರೆಯುವುದು 'ಅಟೆಂಡೆಂಟ್ ಸ್ಲೋ' ಅಂತ. ಲಾಂಡ್ರಿಗಾಗಿ ಕಾದ ಹೊತ್ತಿಗೆ ಆ ಫಾರಂನಲ್ಲಿ ಕಾಲಂ ಇಲ್ಲ.

ರೂಮಿನ ಎಣಿಕೆಯಲ್ಲಿ ಸಿಗದ ಇನ್ನೊಂದು ಕೆಲಸವಿದೆ. ನೋಡುವ ಕೆಲಸ. ತಿಗಣೆ ಬಂದಿದೆ ಅಂತ ಮೊದಲು ಗೊತ್ತಾಗುವುದು ಹಾಸಿಗೆ ಹೊಲಿಗೆಯಲ್ಲಿ, ತಲೆಹಲಗೆಯ ಹಿಂದೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಂಡಾಗ. ಅದನ್ನು ನೋಡುವುದು ನಾವು. ಆವತ್ತೇ ಹೇಳಿದರೆ ಒಂದು ರೂಮಿನಲ್ಲಿ ಮುಗಿಯುತ್ತದೆ, ತಡವಾದರೆ ಅಕ್ಕಪಕ್ಕದ ರೂಮಿಗೂ ಹೋಗುತ್ತದೆ. ಸಿಂಕಿನ ಕೆಳಗೆ ತೇವ, ಸುಟ್ಟ ವಾಸನೆ ಬರುವ ಪ್ಲಗ್ಗು, ಸಡಿಲವಾದ ಬಾಲ್ಕನಿ ಕಂಬಿ, ಎರಡು ದಿನದಿಂದ ಬಾಗಿಲು ತೆಗೆಯದ ವಯಸ್ಸಾದ ಅತಿಥಿ. ಇದನ್ನೆಲ್ಲ ಗಮನಿಸಿ, ಫೋನ್ ಮಾಡಿ, ಬರೆದಿಟ್ಟು ಬರಲು ಹೊತ್ತು ಬೇಕು. ಗಂಟೆಗೆ ಇಷ್ಟು ರೂಮು ಅಂತ ಓಡಿಸಿದರೆ ಮೊದಲು ನಿಲ್ಲುವುದೇ ಈ ಕಣ್ಣು.

ಕೀ ವಿಷಯ ನೋಡಿ. ಫ್ಲೋರಿನ ಅಷ್ಟೂ ರೂಮಿನ ಕೀ ಒಬ್ಬ ಅಟೆಂಡೆಂಟ್ ಸೊಂಟದಲ್ಲಿ ಇರುತ್ತದೆ. ಚೆನ್ನಾಗಿ ಡ್ರೆಸ್ ಮಾಡಿಕೊಂಡ ಒಬ್ಬರು ಕಾರಿಡಾರಿನಲ್ಲಿ ಬಂದು, 'ಕೀ ಒಳಗೇ ಬಿಟ್ಟುಬಿಟ್ಟೆ, ಸ್ವಲ್ಪ ಬಾಗಿಲು ತೆಗೀಮ್ಮ' ಅನ್ನುತ್ತಾರೆ. ತೆಗೆಯಬಾರದು. ರಿಸೆಪ್ಷನ್‌ಗೆ ಹೋಗಿ ಸರ್, ಅಂತ ಮರ್ಯಾದೆಯಿಂದ ಹೇಳಬೇಕು. ಅವರು ನಿಜವಾದ ಅತಿಥಿಯೇ ಆಗಿದ್ದರೆ ಸಿಟ್ಟು ಮಾಡಿಕೊಂಡು ಕಂಪ್ಲೇಂಟ್ ಕೊಡುತ್ತಾರೆ. ಅಲ್ಲದಿದ್ದರೆ, ತೆಗೆದಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ. ಎರಡು ಕ್ಷಣದಲ್ಲಿ ಈ ತೀರ್ಮಾನ ಮಾಡಬೇಕಾದವಳನ್ನು ನಿಮ್ಮ ಕಾಗದಪತ್ರದಲ್ಲಿ 'ಅನ್‌ಸ್ಕಿಲ್ಡ್' ಅಂತ ಬರೆದಿದ್ದೀರಿ. ಆ ಕಂಪ್ಲೇಂಟ್ ಬಂದ ದಿನ ಅವಳ ಪರ ನಿಂತ ಮ್ಯಾನೇಜರುಗಳೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅತಿಥಿಗೆ ಹಣ್ಣಿನ ಬುಟ್ಟಿ ಕಳಿಸಿ, ಅವಳಿಗೆ ಮೆಮೊ ಕೊಟ್ಟವರೂ ಇದ್ದಾರೆ.

ಅಪರಿಚಿತರ ರೂಮಿನೊಳಗೆ ಒಬ್ಬರೇ ಹೋಗುವ ಕೆಲಸ ಇದು. ಅದರ ಭಯ ನಮಗೆ ಗೊತ್ತು, ವಿವರ ಬೇಡ. ಅಮೆರಿಕದ ಸಿಯಾಟಲ್ ನಗರದ ಮತದಾರರು 2016ರಲ್ಲೇ ಹೋಟೆಲ್ ಕೆಲಸಗಾರರಿಗೆ ಪ್ಯಾನಿಕ್ ಬಟನ್, ಅಂದರೆ ಅಪಾಯದಲ್ಲಿ ಒತ್ತಿ ಸಹಾಯ ಕರೆಯುವ ಗುಂಡಿ, ಕೊಡಬೇಕು ಅಂತ ವೋಟು ಹಾಕಿದರು. ಬೇರೆ ಊರಿನವರು ಮತ ಹಾಕುವವರೆಗೂ ನೀವು ಕಾಯಬೇಕಾಗಿಲ್ಲ.

ಇನ್ನು ಕೊಳ್ಳುವ ವಿಷಯ. ಹೊಸ ಹಾಸಿಗೆ ಇನ್ನೂ ದಪ್ಪ, ಇನ್ನೂ ಭಾರ. ಅಲಂಕಾರಕ್ಕೆ ಆರು ದಿಂಬು. ಬಾತ್‌ರೂಮಿಗೆ ಗಾಜಿನ ಗೋಡೆ, ಕಪ್ಪು ನಲ್ಲಿ. ಕಪ್ಪು ನಲ್ಲಿಯ ಮೇಲೆ ನೀರಿನ ಹನಿ ಒಣಗಿದರೆ ಬಿಳಿ ಚುಕ್ಕೆ, ಅದು ಹೋಗಬೇಕಾದರೆ ಕೈ ಸೋಲಬೇಕು. ಆ ಗಾಜಿನ ಗೋಡೆ ಯಾರ ಐಡಿಯಾನೋ, ಅವರು ಒಂದು ದಿನವೂ ವೈಪರ್ ಹಿಡಿದಿಲ್ಲ ಅನ್ನುವುದಂತೂ ಖಂಡಿತ. ಈ ಒಂದೊಂದು ವಸ್ತುವೂ ರೂಮಿಗೆ ಕೆಲವು ನಿಮಿಷ ಸೇರಿಸುತ್ತದೆ. ರೂಮಿನ ಸಂಖ್ಯೆ ಮಾತ್ರ ಹಾಗೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2018ರ ಜುಲೈ 1ರಿಂದ ಹೋಟೆಲ್ ಹೌಸ್‌ಕೀಪಿಂಗ್‌ನವರ ಸ್ನಾಯು, ಕೀಲುಗಳ ಗಾಯ ತಡೆಯುವುದಕ್ಕೆಂದೇ ಒಂದು ನಿಯಮ ಜಾರಿಯಲ್ಲಿದೆ. ಕೆಲಸದ ಜಾಗದಲ್ಲಿ ಎಲ್ಲಿ ಪೆಟ್ಟಾಗುತ್ತದೆ ಅಂತ ಪರಿಶೀಲಿಸುವಾಗ ಕೆಲಸ ಮಾಡುವವರನ್ನೂ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿದೆ. ಹಾಸಿಗೆ ಎತ್ತುವವರನ್ನು ಕೇಳದೆ ಹಾಸಿಗೆ ಕೊಳ್ಳಬೇಡಿ ಅಂತ ನಾನು ಕೇಳುವುದೂ ಅಷ್ಟೇ.

ಡ್ಯೂಟಿ ಚಾರ್ಟಿನ ಬಗ್ಗೆ ಒಂದೇ ಮಾತು. ಹೋಟೆಲ್, ರೆಸ್ಟೋರೆಂಟ್ ಕೆಲಸಗಾರರಿಗಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1991ರಲ್ಲಿ 172ನೇ ಒಪ್ಪಂದ ಮಾಡಿತು. ಪಾಳಿ ಯಾವಾಗ ಅಂತ ಸಾಕಷ್ಟು ಮೊದಲೇ ತಿಳಿಸಬೇಕು, ಟಿಪ್ಸ್ ಸಿಗಲಿ ಬಿಡಲಿ ಕ್ರಮವಾಗಿ ಮೂಲ ಸಂಬಳ ಕೊಡಬೇಕು ಅಂತ ಅದು ಹೇಳುತ್ತದೆ. ಇದನ್ನು ಒಪ್ಪಿ ಸಹಿ ಹಾಕಿದ ದೇಶಗಳು ಕಮ್ಮಿ. ಆದರೆ ನಾಳಿನ ಪಾಳಿಯನ್ನು ಇವತ್ತು ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪಿನಲ್ಲಿ ಹಾಕಬಾರದು ಅನ್ನುವುದಕ್ಕೆ ದೇಶವೇ ಸಹಿ ಹಾಕಬೇಕಾ?

ನೀವು ಏನು ಹೇಳುತ್ತೀರಿ ಅಂತ ಗೊತ್ತು. ಒಂದು ದಿನ ಫುಲ್, ಇನ್ನೊಂದು ದಿನ ಖಾಲಿ, ಯಾವ ಲೆಕ್ಕದಲ್ಲಿ ಜನ ಇಟ್ಟುಕೊಳ್ಳುವುದು? ನ್ಯಾಯವಾದ ಪ್ರಶ್ನೆ. ಆದರೆ ನಾಳೆ ಎಷ್ಟು ಚೆಕ್‌ಔಟ್ ಅಂತ ಬುಕಿಂಗ್ ಕಂಪ್ಯೂಟರಿನಲ್ಲಿ ಇವತ್ತೇ ಕಾಣುತ್ತದೆ. ರಿಸೆಪ್ಷನ್‌ಗೆ ಆ ಮಾಹಿತಿ ನೋಡಿ ಜನ ಹಾಕುತ್ತೀರಿ, ಕಿಚನ್ನಿಗೂ ಹಾಕುತ್ತೀರಿ. ನಮ್ಮ ವಿಭಾಗಕ್ಕೂ ಅದನ್ನೇ ಮಾಡಿ. 'ಅವಳು ಅಷ್ಟು ಬೇಗ ಮುಗಿಸುತ್ತಾಳಲ್ಲ, ಇವರಿಗೆ ಏನಾಗಿದೆ?' ಅಂತಲೂ ಕೇಳುತ್ತೀರಿ. ಅವಳು ಊಟಕ್ಕೆ ಎಷ್ಟು ಹೊತ್ತಿಗೆ ಹೋದಳು, ಹೋದಳೋ ಇಲ್ಲವೋ, ಅದನ್ನೂ ಕೇಳಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು ವಾರ ಎಲ್ಲ ಫ್ಲೋರಿನಲ್ಲೂ ಪ್ರತಿ ರೂಮಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡೋಣ. ಯಾರ ಮೇಲೂ ಕ್ರಮ ಇಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ. ಚೆಕ್‌ಔಟ್ ಬೇರೆ, ಉಳಿದಿರುವುದು ಬೇರೆ. ಲಿನೆನ್‌ಗೆ ಕಾದ ಹೊತ್ತು, ಲಿಫ್ಟಿಗೆ ಕಾದ ಹೊತ್ತು, ಕೆಮಿಕಲ್ ನೆನೆಯುವ ಹೊತ್ತು, ಎಲ್ಲಕ್ಕೂ ಕಾಲಂ ಇರಲಿ. ಆಮೇಲೆ ಆ ಅಂಕಿಗಳ ಮೇಲೆ ಚೀಟಿ ಬರೆಯಿರಿ. ಏಜೆನ್ಸಿಯವರು ಮುಂದಿನ ಗುತ್ತಿಗೆಗೆ ರೇಟು ಹಾಕುವಾಗಲೂ ಅದೇ ಅಂಕಿ ಇಟ್ಟುಕೊಳ್ಳಲಿ.

ಫಾರಂ ನಾನೇ ಬರೆದಿಟ್ಟಿದ್ದೇನೆ, ಒಂದೇ ಹಾಳೆ. ಕೂತು ಮಾತಾಡಲು ಯಾವ ದಿನ ಆಗುತ್ತದೆ ತಿಳಿಸಿ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಮಾತ್ರ ಬೇಡ, ಆಗ ಚೆಕ್‌ಔಟ್ ರೂಮುಗಳಿರುತ್ತವೆ.

ಇಂತಿ,
ಒಬ್ಬ ಹೌಸ್‌ಕೀಪಿಂಗ್ ಸೂಪರ್‌ವೈಸರ್